ಮೂರು ವರ್ಷ ತುಂಬದ ಪ್ರಜೆ

ಪರೀಕ್ಷೆಗಳ ವಿಷಯದಲ್ಲಿ ಉಡುಪಿ ಜಿಲ್ಲೆಯವರು ತಲೆಯೆತ್ತಿ ನಡೆಯುವುದಕ್ಕೆ ಕಾರಣವುಂಟು. 2024ನೆಯ ಇಸವಿಯ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಈ ಜಿಲ್ಲೆಗೆ ರಾಜ್ಯದಲ್ಲಿ ಪ್ರಥಮ ಸ್ಥಾನ ದೊರೆಯಿತು. 2025ರ ದ್ವಿತೀಯ ಪಿ.ಯು.ಸಿ. ಪರೀಕ್ಷೆಯಲ್ಲಿಯೂ ಪ್ರಥಮ ಸ್ಥಾನವೇ ದೊರೆಯಿತು. ಇದು ಅಧ್ಯಾಪಕರ ಶ್ರಮಕ್ಕೂ ತಾಯಿತಂದೆಗಳ ಆಸ್ಥೆಗೂ ಸಂದ ಫಲವೆಂಬುದರಲ್ಲಿ ಸಂಶಯವಿಲ್ಲ. ಆದರೆ ಹದಿನಾರನೆಯ ವಯಸ್ಸಿನ ಅಂಕಪಟ್ಟಿಯನ್ನು ಇಷ್ಟು ಆಸಕ್ತಿಯಿಂದ ಓದುವ ಊರು, ಅದೇ ವಿದ್ಯಾರ್ಥಿಯು ಎಂಟು ತಿಂಗಳ ಕೂಸಾಗಿದ್ದಾಗ ಹಗಲೆಲ್ಲ ಯಾರ ಕೈಯಲ್ಲಿ ಬೆಳೆಯಿತು, ಅತ್ತಾಗ ಓಡಿ ಬಂದವರು ಯಾರು, ಬಂದವರು ನಿನ್ನೆ ಬಂದವರೇ ಹೌದೋ ಅಲ್ಲವೋ ಎಂಬ ಪ್ರಶ್ನೆಗಳನ್ನು ಸಾರ್ವಜನಿಕ ಪ್ರಶ್ನೆಗಳೆಂದು ಎಣಿಸುವುದಿಲ್ಲ. ಅವು ಅಡುಗೆಮನೆಯ ಮಾತುಗಳು, ಹೆಂಗಸರ ಪಾಡು ಎಂದು ಪಕ್ಕಕ್ಕಿರಿಸುವುದೇ ರೂಢಿ. ಈ ರೂಢಿಯು ಸರಿಯಲ್ಲ. ಮೂರು ವರ್ಷ ತುಂಬದ ಕೂಸೂ ಈ ದೇಶದ ಪ್ರಜೆಯೇ. ಅದಕ್ಕೆ ಬೇಕಾದುದನ್ನು ಒದಗಿಸುವ ಹೊಣೆಯು ತಾಯಿಯೊಬ್ಬಳದಲ್ಲ, ಊರಿನದು ಎಂಬ ಮಾತನ್ನು ನಮ್ಮ ವಾಚಕರ ಮುಂದೆ, ವಿಶೇಷವಾಗಿ ಅಧಿಕಾರವರ್ಗದವರ ಮುಂದೆ, ಇಂದು ಇಡಬಯಸುತ್ತೇವೆ.

ಕೂಸಿಗೆ ಏನು ಬೇಕು? ಹಾಲು, ಅನ್ನ, ಲಸಿಕೆ, ಶುಚಿಯಾದ ಬಟ್ಟೆ ಎಂದು ಎಲ್ಲರೂ ಹೇಳುವರು. ಇವೆಲ್ಲ ಬೇಕು, ಇವಿಷ್ಟೇ ಸಾಲವು. ತನ್ನವರೆಂದು ಗುರುತಿಸಬಹುದಾದ, ಕರೆದಾಗ ಬರುವ, ನಾಳೆಯೂ ಇರುವ ಒಬ್ಬಿಬ್ಬರು ಮನುಷ್ಯರು ಅದಕ್ಕೆ ಬೇಕು. ಶಿಶುವಿನ ಮೆದುಳು ಎರಡು ವರ್ಷ ತುಂಬುವಷ್ಟರಲ್ಲಿ ಪ್ರೌಢರ ಮೆದುಳಿನ ಸುಮಾರು ಮುಕ್ಕಾಲು ಭಾಗದಷ್ಟು ಬೆಳೆದುಬಿಡುತ್ತದೆ. ಈ ಬೆಳವಣಿಗೆಯು ತಾನಾಗಿ ಮಾತ್ರ ಆಗತಕ್ಕದ್ದಲ್ಲ. ಮನುಷ್ಯರ ಕೂಡ ಕೊಟ್ಟುಕೊಳ್ಳುವ ವ್ಯವಹಾರದಿಂದ ಆಗತಕ್ಕದ್ದು. ಕೂಸು ಅತ್ತಿತು, ಒಬ್ಬರು ಬಂದರು. ಕೂಸು ನಕ್ಕಿತು, ಎದುರಿನ ಮುಖವೂ ನಕ್ಕಿತು. ಕೂಸು ಕೈಚಾಚಿ ತೋರಿಸಿತು, ‘ಅದು ಕಾಗೆ’ ಎಂದು ಒಬ್ಬರು ಹೇಳಿದರು. ದಿನಕ್ಕೆ ನೂರಾರು ಬಾರಿ ಹೀಗೆ ನಡೆದು ನಡೆದು, ಲೋಕವು ನಂಬತಕ್ಕದ್ದು, ತನ್ನ ಕೂಗಿಗೆ ಬೆಲೆಯುಂಟು ಎಂಬ ತಿಳಿವು ಮಾತು ಬರುವ ಮೊದಲೇ ಮಗುವಿನಲ್ಲಿ ನೆಲೆಗೊಳ್ಳುತ್ತದೆ. ಆರೇಳು ತಿಂಗಳಾದ ಬಳಿಕ ಅದು ಹೊಸಬರನ್ನು ಕಂಡು ಮುಖ ತಿರುಗಿಸಿ ಅಳುವುದನ್ನು ಯಾರು ತಾನೇ ನೋಡಿಲ್ಲ? ಅದು ಹಟವಲ್ಲ, ತನ್ನವರು ಯಾರೆಂದು ತಿಳಿದ ಬುದ್ಧಿಯ ಲಕ್ಷಣ. ನಡೆಯಲು ಕಲಿತ ಮಗುವು ಅಂಗಳಕ್ಕೆ ಓಡಿ, ನಿಂತು, ಜಗಲಿಯಲ್ಲಿ ಕುಳಿತವರನ್ನು ಒಮ್ಮೆ ತಿರುಗಿ ನೋಡಿ, ಮತ್ತೂ ಮುಂದಕ್ಕೆ ಓಡುತ್ತದೆ. ಅಂಟಿಕೊಂಡು ಬೆಳೆದ ಮಗು ಅಂಜುಬುರುಕವಾಗುವುದೆಂಬ ನಂಬಿಕೆಯು ನಿಜಕ್ಕೆ ವಿರುದ್ಧವಾದುದು; ಮರಳುವುದಕ್ಕೆ ನೆಲೆಯುಳ್ಳ ಮಗುವೇ ದೂರ ಹೋಗುವ ಧೈರ್ಯ ಮಾಡುವುದು.

ಇದು ಅಜ್ಜಿಯರ ಅನುಭವದ ಮಾತು ಮಾತ್ರವೆಂದು ತಿಳಿಯಬೇಕಾಗಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ಮನೆ ಕಳೆದುಕೊಂಡ ಮಕ್ಕಳ ಸ್ಥಿತಿಯನ್ನು ವಿಚಾರಿಸುವಂತೆ ವಿಶ್ವ ಆರೋಗ್ಯ ಸಂಸ್ಥೆಯು ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿಯವರನ್ನು ಕೇಳಿಕೊಂಡಿತು. 1951ರಲ್ಲಿ ಪ್ರಕಟವಾದ ಅವರ ವರದಿಯು, ಎಳೆಯ ಮಗುವಿಗೆ ಆತ್ಮೀಯವೂ ನಿರಂತರವೂ ಆದ ಆರೈಕೆಯು ಆಹಾರದಷ್ಟೇ ಅವಶ್ಯವೆಂದು ಸಾರಿತು. ಅವರ ಸಹೋದ್ಯೋಗಿಯಾಗಿದ್ದ ಮೇರಿ ಐನ್ಸ್‌ವರ್ತ್ ಎಂಬ ವಿದುಷಿಯು 1954ರಲ್ಲಿ ಉಗಾಂಡಕ್ಕೆ ತೆರಳಿ, ಕಂಪಾಲದ ಸಮೀಪದ ಹಳ್ಳಿಗಳಲ್ಲಿ 28 ಶಿಶುಗಳನ್ನು ಅವುಗಳ ಮನೆಗಳಲ್ಲಿಯೇ ತಿಂಗಳುಗಟ್ಟಲೆ ನೋಡಿ ಬರೆದಿಟ್ಟರು. ಮಗುವಿನ ಇಂಗಿತವನ್ನು ಅರಿತು ನಡೆಯುವ ತಾಯಿಯ ಮಗುವು ಕಡಿಮೆ ಅಳುತ್ತದೆ, ಹೆಚ್ಚು ಧೈರ್ಯದಿಂದ ಆಡುತ್ತದೆ ಎಂಬುದು ಅವರಿಗೆ ಕಂಡುಬಂದಿತು.

ಇವೆಲ್ಲಕ್ಕಿಂತ ಕಠೋರವಾದ ಸಾಕ್ಷ್ಯವು ದೊರೆತದ್ದು ರುಮೇನಿಯ ದೇಶದಲ್ಲಿ. ಅಲ್ಲಿ ಚೌಷೆಸ್ಕು ಎಂಬ ಸರ್ವಾಧಿಕಾರಿಯು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿ ಜನಸಂಖ್ಯೆಯನ್ನು ಹೆಚ್ಚಿಸಹೊರಟನು; ಸಾಕಲಾರದ ಮಕ್ಕಳನ್ನು ಜನರು ಸರಕಾರದ ಅನಾಥಾಲಯಗಳಿಗೆ ಒಪ್ಪಿಸಿದರು. 1989ರಲ್ಲಿ ಆ ಪ್ರಭುತ್ವವು ಉರುಳಿದಾಗ ಲಕ್ಷಕ್ಕೂ ಮಿಕ್ಕ ಮಕ್ಕಳು ಅಂತಹ ಆಲಯಗಳಲ್ಲಿದ್ದರು. ಅವರಿಗೆ ಮಾಡು ಇತ್ತು, ಅನ್ನವಿತ್ತು, ಮಂಚವಿತ್ತು. ಪಾಳಿಯ ಮೇಲೆ ಬಂದು ಹೋಗುವ ದಾದಿಯರೂ ಇದ್ದರು. ‘ನನ್ನವರು’ ಎನ್ನಬಹುದಾದ ಒಬ್ಬರು ಇರಲಿಲ್ಲ. 2000ನೆಯ ಇಸವಿಯಲ್ಲಿ ಆರಂಭವಾದ ಒಂದು ಪರಿಶೀಲನೆಯಲ್ಲಿ, ಬುಕಾರೆಸ್ಟ್ ನಗರದ ಆಲಯಗಳಿಂದ 136 ಶಿಶುಗಳನ್ನು ಆರಿಸಿ, ಅರ್ಧದಷ್ಟನ್ನು ಚೀಟಿಯೆತ್ತಿದ ಕ್ರಮದಲ್ಲಿ ಸಾಕುಮನೆಗಳಿಗೆ ಕೊಡಲಾಯಿತು. ಸಾಕುಮನೆಗೆ ಹೋದ ಮಕ್ಕಳ ಬುದ್ಧಿ, ಮೆದುಳಿನ ವ್ಯಾಪಾರ, ಜನರೊಡನೆ ಬೆರೆಯುವ ಶಕ್ತಿ ಇವೆಲ್ಲ ಸುಧಾರಿಸಿದವು. ಎರಡು ವರ್ಷ ತುಂಬುವ ಮೊದಲು ಹೋದವರಲ್ಲಿ ಈ ಸುಧಾರಣೆಯು ವಿಶೇಷವಾಗಿ ಕಂಡಿತು. ಹೊಟ್ಟೆ ತುಂಬಿಸಿದ ಮಾತ್ರಕ್ಕೆ ಮಗುವನ್ನು ಬೆಳೆಸಿದಂತಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕೆ?

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ನಂಟು ರಕ್ತದಿಂದಲೇ ಹುಟ್ಟತಕ್ಕದ್ದಲ್ಲ, ನಿತ್ಯದ ಆರೈಕೆಯಿಂದ ಹುಟ್ಟತಕ್ಕದ್ದು. ಇದನ್ನು ಉಡುಪಿಯವರಿಗೆ ಯಾರೂ ಹೊಸತಾಗಿ ಕಲಿಸಬೇಕಾಗಿಲ್ಲ. ಕಡೆಗೋಲನ್ನೂ ಹಗ್ಗವನ್ನೂ ಕೈಯಲ್ಲಿ ಹಿಡಿದು ನಿಂತ ಬಾಲಕೃಷ್ಣನನ್ನು ಹೆತ್ತವಳು ದೇವಕಿಯಾದರೂ, ಲೋಕವು ತಾಯಿಯೆಂದು ನೆನೆಯುವುದು ಸಾಕಿದ ಯಶೋದೆಯನ್ನು. ಕುಂತಿಯು ಬಂದು ಜನ್ಮದ ಗುಟ್ಟನ್ನು ತಿಳಿಸಿದ ಮೇಲೆಯೂ ಕರ್ಣನು ರಾಧೇಯನಾಗಿಯೇ ಉಳಿದನು. ಬೌಲ್ಬಿಯವರೂ ಎಳೆತನದಲ್ಲಿ ತಮ್ಮನ್ನು ಸಾಕಿದ ದಾದಿಯು, ತಮಗೆ ನಾಲ್ಕು ವರ್ಷವಾಗುತ್ತ ಬಂದಾಗ ಕೆಲಸ ಬಿಟ್ಟುಹೋದ ದುಃಖವನ್ನು ಕೊನೆಯವರೆಗೆ ಮರೆಯಲಿಲ್ಲ. ಆದುದರಿಂದ ನಾವು ‘ತಾಯಿ’ ಎಂಬಲ್ಲೆಲ್ಲ ಅಜ್ಜಿ, ತಂದೆ, ಚಿಕ್ಕಮ್ಮ, ಸಾಕುತಾಯಿ, ಸಂಬಳದ ಪಾಲಕಿ ಇವರನ್ನೂ ಸೇರಿಸಿಕೊಂಡು ಓದಬೇಕೆಂದು ಕೋರುತ್ತೇವೆ.

ನಮ್ಮ ಕರಾವಳಿಯಲ್ಲಿ ಈ ಕೆಲಸವನ್ನು ಒಂದು ಕಾಲಕ್ಕೆ ಕುಟುಂಬವೇ ನಿರ್ವಹಿಸುತ್ತಿತ್ತು. ಅಳಿಯಸಂತಾನದ ಮನೆಗಳಲ್ಲಿ ಮಗುವು ತಾಯಿಯ ಮನೆಯದು. ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮ, ಸೋದರಮಾವ ಇವರ ನಡುವೆಯೇ ಬೆಳೆಯತಕ್ಕದ್ದು. ತಾಯಿಯು ಗದ್ದೆಗೆ ಇಳಿದರೂ ಕೂಸಿಗೆ ಮಡಿಲಿನ ಬರವಿರಲಿಲ್ಲ. ಆ ಮಡಿಲುಗಳೂ ದಿನಕ್ಕೊಂದಾಗಿ ಬದಲಾಗತಕ್ಕವುಗಳಲ್ಲ. ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ನಾವು ಹೇಳುವುದಿಲ್ಲ. ಆ ಮನೆಗಳಲ್ಲಿ ಶಿಶುಮರಣವಿತ್ತು, ಆಸ್ತಿಯ ಜಗಳವಿತ್ತು, ಹೆಂಗಸರಿಗೆ ಮುಗಿಯದ ದುಡಿತವಿತ್ತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕವರುಗಳು ಪಾಲಾಗುವುದಕ್ಕೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ 1974ರ ಭೂಸುಧಾರಣೆಯೂ ಹಳೆಯ ಕ್ರಮವನ್ನು ಮತ್ತಷ್ಟು ಬದಲಿಸಿದವು. ಗಂಡಸರು ಮುಂಬಯಿಯ ಹೋಟೆಲುಗಳಿಗೆ ಹೋದರು, ಬಳಿಕ ಕೊಲ್ಲಿ ದೇಶಗಳಿಗೆ ಹೋದರು. ಈಗ ದಂಪತಿಗಳಿಬ್ಬರೂ ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ. ಕಾಪು ಕಾರ್ಕಳಗಳ ಹಳ್ಳಿಗಳಲ್ಲಿ ದೊಡ್ಡ ಮನೆಗಳು ಇಬ್ಬರು ವೃದ್ಧರನ್ನು ಇಟ್ಟುಕೊಂಡು ನಿಂತಿವೆ, ಇಲ್ಲವೆ ಬೀಗ ಹಾಕಿಕೊಂಡು ನಿಂತಿವೆ. ಕುಟುಂಬ ಒಡೆದದ್ದು ನ್ಯಾಯವೋ ಅನ್ಯಾಯವೋ ಎಂಬುದು ನಮ್ಮ ಇಂದಿನ ವಿಷಯವಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಈಗ ಮಾಡುವವರು ಯಾರೆಂಬುದೇ ವಿಷಯ.

ದುಡಿಯುವ ಹೆಂಗಸರ ಪಾಡನ್ನು ನೋಡಿರಿ. ಮೀನು ಮಾರುವ ಸ್ತ್ರೀಯು ಬೆಳಕು ಹರಿಯುವ ಮೊದಲೇ ಮಲ್ಪೆಯ ಬಂದರಿನಲ್ಲಿರಬೇಕು. ಅಲ್ಲಿಂದ ಬುಟ್ಟಿಯೊಡನೆ ಪೇಟೆಗೆ ಹೋಗಿ ಮರಳುವಾಗ ಹೊತ್ತು ಏರಿರುತ್ತದೆ. ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವಳಿಗೆ ದಿನವೆಲ್ಲ ಅಲ್ಲಿಯೇ ಕೆಲಸ. ಬೀಡಿ ಕಟ್ಟುವವಳಿಗೆ ಮಗು ಕಣ್ಣ ಮುಂದೆಯೇ ಇರುವುದು ಒಂದು ಭಾಗ್ಯವಾದರೂ, ಕೈಗೆ ಬಿಡುವಿಲ್ಲ. ಕೂಸು ತೆವಳುವ ನೆಲದಲ್ಲಿಯೇ ಹೊಗೆಸೊಪ್ಪಿನ ಧೂಳಿರುತ್ತದೆ. ಮಣಿಪಾಲದಲ್ಲಿ ಅಂತಸ್ತಿನ ಮೇಲೆ ಅಂತಸ್ತು ಏರುತ್ತಿರುವ ಕಟ್ಟಡಗಳ ಬುಡದಲ್ಲಿ, ಘಟ್ಟದ ಮೇಲಿನಿಂದಲೂ ಹೊರರಾಜ್ಯಗಳಿಂದಲೂ ಬಂದ ಕೂಲಿಗಳ ಕೂಸುಗಳು ಮರಳಿನ ರಾಶಿಯ ಪಕ್ಕದಲ್ಲಿ ಐದಾರು ವರ್ಷದ ಅಕ್ಕಂದಿರ ಕಾವಲಿನಲ್ಲಿರುವುದುಂಟು. ಅಲ್ಲಿ ಕಾಯುತ್ತಿರುವವಳೂ ಮಗುವೇ; ಕಾಯಿಸಿಕೊಳ್ಳುತ್ತಿರುವುದೂ ಮಗುವೇ.

ಇದನ್ನು ಓದಿದೊಡನೆ ‘ಹಾಗಾದರೆ ಹೆಂಗಸರು ಕೆಲಸ ಬಿಟ್ಟು ಮನೆಯಲ್ಲಿರಲಿ’ ಎನ್ನುವವರು ಇರುತ್ತಾರೆ. ಅವರ ಮಾತನ್ನು ನಾವು ಒಪ್ಪಲಾರೆವು. ಇಂಗ್ಲೆಂಡಿನಲ್ಲಿ ಯುದ್ಧಕಾಲಕ್ಕೆ ಸ್ತ್ರೀಯರ ದುಡಿತ ಬೇಕಾದಾಗ ಶಿಶುಗೃಹಗಳನ್ನು ತೆರೆದರು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಅನೇಕವನ್ನು ಮುಚ್ಚಿದರು. ಬೌಲ್ಬಿಯವರ ಮಾತುಗಳನ್ನೇ ಅದಕ್ಕೆ ಸಮರ್ಥನೆಯಾಗಿ ಬಳಸಿಕೊಂಡವರೂ ಇದ್ದರು. ಆದರೆ ಅಮೆರಿಕದಲ್ಲಿ 1991ರಿಂದ ಸಾವಿರದ ಮುನ್ನೂರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿದಂದಿನಿಂದ ಅನುಸರಿಸಿ ನೋಡಿದ ದೊಡ್ಡ ಪರಿಶೀಲನೆಯು, ಶಿಶುಗೃಹದಲ್ಲಿ ಬಿಟ್ಟ ಮಾತ್ರಕ್ಕೆ ತಾಯಿಮಗುವಿನ ನಂಟು ಕೆಡುವುದಿಲ್ಲವೆಂದು ತೋರಿಸಿತು. ಮನೆಯಲ್ಲಿ ದೊರೆಯುವ ಆರೈಕೆಯ ಗುಣವೇ ಮುಖ್ಯ. ಅದರೊಡನೆ ಶಿಶುಗೃಹವೂ ಕೆಟ್ಟದಾದರೆ ಅಪಾಯ ಹೆಚ್ಚು. ಮೇಲಾಗಿ, ಕೂಲಿಯಿಲ್ಲದೆ ಒಲೆ ಉರಿಯದ ಮನೆಯಲ್ಲಿ ಚಿಂತೆಯಿಂದ ಬೆಂದ ತಾಯಿಯು ಎದುರಿಗಿದ್ದ ಮಾತ್ರಕ್ಕೆ ಮಗುವಿಗೆ ನೆಮ್ಮದಿ ಬಾರದು. ತಾಯಿಯನ್ನು ನಿಂದಿಸುವುದು ಅಗ್ಗದ ಧರ್ಮ. ತಾಯಿಗೆ ಆಸರೆ ಕೊಡುವುದು ನಿಜವಾದ ಧರ್ಮ.

ಸರಕಾರವು ಏನನ್ನೂ ಮಾಡಿಲ್ಲವೆಂದರೆ ಅನ್ಯಾಯವಾದೀತು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ, ಸಂಬಳ ಸಹಿತ ರಜೆಯು 12 ವಾರಗಳಿಂದ 26 ವಾರಗಳಿಗೆ ಏರಿತು. ಐವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳು ಶಿಶುಪಾಲನಾಗೃಹವನ್ನು ಒದಗಿಸತಕ್ಕದ್ದು, ತಾಯಿಗೆ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡುವುದಕ್ಕೆ ಬಿಡತಕ್ಕದ್ದು ಎಂದು ವಿಧಿಯಾಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಇವನ್ನು ಉಳಿಸಿಕೊಂಡಿದೆ. ಇದು ಶ್ಲಾಘ್ಯ. ಆದರೆ ಸಂಬಳದ ಪುಸ್ತಕದಲ್ಲಿ ಹೆಸರುಳ್ಳವಳಿಗೆ ಮಾತ್ರ ಈ ಹಕ್ಕು. ಮೀನಿನ ಬುಟ್ಟಿ ಹೊತ್ತವಳಿಗೆ ದಣಿ ಯಾರು? ಅವಳಿಗಿರುವುದು ಪ್ರಧಾನಮಂತ್ರಿ ಮಾತೃವಂದನಾ ಯೋಜನೆ. ಮೊದಲ ಮಗುವಿಗೆ 5,000 ರೂಪಾಯಿ. ಈ ಹಣವನ್ನು 26 ವಾರಗಳಿಗೆ ಹಂಚಿದರೆ ದಿನಕ್ಕೆ ಇಪ್ಪತ್ತೇಳು ರೂಪಾಯಿ ಚಿಲ್ಲರೆ ಬೀಳುತ್ತದೆ. ಇಷ್ಟರ ಬಲದಿಂದ ಯಾವ ತಾಯಿಯು ಆರು ತಿಂಗಳು ಕೂಸಿನ ಬಳಿ ಕುಳಿತಿರಬಲ್ಲಳೆಂಬುದನ್ನು ಲೆಕ್ಕ ಬಲ್ಲ ಅಧಿಕಾರಿಗಳೇ ಹೇಳಲಿ.

ಅಂಗನವಾಡಿಯ ವಿಷಯವೂ ಹೀಗೆಯೇ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅಂಗನವಾಡಿಯಲ್ಲಿ ಕುಳಿತು ಕಲಿಯುವುದು ಮೂರರಿಂದ ಆರು ವರ್ಷದ ಮಕ್ಕಳಿಗೆ. ಮೂರರ ಒಳಗಿನ ಕೂಸಿಗೆ ಆಹಾರದ ಪೊಟ್ಟಣವುಂಟು, ತೂಗುವ ತಕ್ಕಡಿಯುಂಟು. ಹಗಲು ಕಳೆಯುವುದಕ್ಕೆ ಸಾಮಾನ್ಯವಾಗಿ ಜಾಗವಿಲ್ಲ. ಮೂರರ ಒಳಗಿನ ಮಕ್ಕಳಿಗಾಗಿ 2024ರಲ್ಲಿ ಕೇಂದ್ರ ಸರಕಾರವು ‘ನವಚೇತನ’ವೆಂಬ ಮಾರ್ಗದರ್ಶಿಯನ್ನು ಹೊರಡಿಸಿದುದು ಶುಭಸೂಚನೆ. ಆದರೂ ಮನೆಮನೆಗೆ ಹೋಗಿ ತಿಳಿಸಿ ಹೇಳಬೇಕಾದವಳು, ಗೌರವಧನದ ಮೇಲೆ ದುಡಿಯುತ್ತ ಹತ್ತು ರಿಜಿಸ್ಟರುಗಳನ್ನು ತುಂಬಿಸುವ ಅದೇ ಅಂಗನವಾಡಿ ಕಾರ್ಯಕರ್ತೆಯಲ್ಲವೆ? ಕರ್ನಾಟಕ ಸರಕಾರವು 2023ರ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯತುಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವೆವೆಂದು ಸಾರಿತು. ಹೆಸರು ಎಷ್ಟು ಹಿತವಾಗಿದೆಯೋ ವಿಚಾರವೂ ಅಷ್ಟೇ ಸಮಂಜಸವಾಗಿದೆ. ಆದರೆ ಫಲಕ ತೂಗಿಸಿದ ಕೊಠಡಿಯೊಂದು ಕೂಸಿಗೆ ಮನೆಯಾಗುವುದು ಒಳಗಿರುವವಳಿಂದ. ಪಾಲಕಿಯರನ್ನು ಕೂಲಿಯ ದಿನಗಳ ಲೆಕ್ಕಕ್ಕೆ ಸರಿಯಾಗಿ ಸರದಿಯಂತೆ ಬದಲಿಸುವ ಕ್ರಮವು ಎಲ್ಲಿಯೇ ಇರಲಿ, ಅದು ಲೆಕ್ಕಪತ್ರಕ್ಕೆ ಅನುಕೂಲವಾದೀತೇ ಹೊರತು ಕೂಸಿಗೆ ಹಿತವಾಗದು. ಮುಖ ಗುರುತಾಗುವಷ್ಟರಲ್ಲಿ ಮುಖವೇ ಬದಲಾದರೆ ಆ ಗುರುತಿನಿಂದ ಫಲವೇನು?

ಈ ತತ್ತ್ವವು ಉಡುಪಿಯ ವ್ಯಾಪಾರಸ್ಥರಿಗೆ ಸುಲಭವಾಗಿ ಅರ್ಥವಾಗಬೇಕು. 1925ರಲ್ಲಿ ಇಲ್ಲಿ ಸ್ಥಾಪಿತವಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆ, ಬ್ಯಾಂಕಿನವನೇ ಬಾಗಿಲಿಗೆ ಬಂದು ಪಡೆಯುವನು. ಅವನು ತಪ್ಪದೆ ಬರುವನೆಂಬ ಭರವಸೆಯಿಂದಲೇ ಬಡವರು ನಂಬಿ ಹಣವಿಟ್ಟರು, ಆ ಚಿಲ್ಲರೆಯೇ ಬಂಡವಾಳವಾಯಿತು. ಕೂಸಿನ ಮನಸ್ಸಿನಲ್ಲಿ ನಂಬಿಕೆಯು ಕೂಡುವುದೂ ಹಾಗೆಯೇ: ದಿನದಿನದ ಸಣ್ಣ ಜಮೆಯಿಂದ, ತಪ್ಪದೆ ಬರುವ ಒಬ್ಬರ ಕೈಯಿಂದ. ವರ್ಷಕ್ಕೊಮ್ಮೆ ವಿದೇಶದಿಂದ ಬರುವ ದೊಡ್ಡ ಆಟಿಕೆಯ ಪೆಟ್ಟಿಗೆಯು ಈ ಎರಡಾಣೆಯ ಸ್ಥಾನವನ್ನು ತುಂಬಲಾರದು.

ಆಸ್ಪತ್ರೆಗಳಿಗೂ ಇದರಲ್ಲಿ ಪಾಲುಂಟು. 1953ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಂದಿನಿಂದ ಮಣಿಪಾಲವು ದೂರದೂರದ ರೋಗಿಗಳಿಗೆ ಆಶ್ರಯವಾಗಿದೆ. ಇಂಗ್ಲೆಂಡಿನಲ್ಲಿ ಮಕ್ಕಳ ವಾರ್ಡಿಗೆ ತಾಯಂದಿರನ್ನು ಯಥೇಚ್ಛವಾಗಿ ಬಿಡಬೇಕೆಂದು ಹೇಳುವುದಕ್ಕೆ 1959ರಲ್ಲಿ ಒಂದು ಸಮಿತಿಯ ವರದಿಯೇ ಬೇಕಾಯಿತು. ನಮ್ಮ ದೇಶದಲ್ಲಿಯಾದರೋ ರೋಗಿಯ ಬಳಿ ಮನೆಯವರೊಬ್ಬರು ಇರುವುದು ಮೊದಲಿನಿಂದಲೂ ನಡೆದುಬಂದ ಪದ್ಧತಿ. ತೂಕ ಕಡಿಮೆಯಾಗಿ ಹುಟ್ಟಿದ ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಗಲುವಂತೆ ಇರಿಸುವ ‘ಕಾಂಗರೂ ಆರೈಕೆ’ಯು ಕೊಲಂಬಿಯ ದೇಶದ ಬೊಗೋಟದಲ್ಲಿ 1978ರಲ್ಲಿ ಆರಂಭವಾಯಿತು. ಹುಟ್ಟಿದೊಡನೆಯೇ ಇದನ್ನು ಮಾಡಿದರೆ ಏನಾಗುವುದೆಂದು ದಿಲ್ಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2021ರಲ್ಲಿ ಫಲವನ್ನು ಪ್ರಕಟಿಸಿದರು: ಮರಣವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಯಂತ್ರದ ಪೆಟ್ಟಿಗೆಗಿಂತ ತಾಯಿಯ ಎದೆಯು ಬಲವಾದುದಾಯಿತು. ಆದುದರಿಂದ ಜಿಲ್ಲೆಯ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಎಳೆಶಿಶುಗಳ ಕೋಣೆಯಲ್ಲಿ ತಾಯಿಗೆ ಮಂಚವೊಂದು ಇರತಕ್ಕದ್ದು. ಅವಳನ್ನು ಹೊರಗಿನ ಬೆಂಚಿನಲ್ಲಿ ಕಾಯಿಸತಕ್ಕದ್ದಲ್ಲ.

ಗೃಹಸ್ಥರಿಗೂ ಎರಡು ಮಾತು ಹೇಳಬೇಕು. ಕೇಂದ್ರ ಸರಕಾರದ ನೌಕರನಿಗೆ ತಂದೆಯಾದಾಗ 15 ದಿನಗಳ ರಜೆಯುಂಟು. ಆ ದಿನಗಳನ್ನು ನೆಂಟರ ಸತ್ಕಾರದಲ್ಲಿ ಕಳೆಯದೆ, ಕೂಸಿಗೆ ಸ್ನಾನ ಮಾಡಿಸಲು, ಎತ್ತಿ ಮಲಗಿಸಲು ಕಲಿಯುವುದು ಗಂಡಸುತನಕ್ಕೆ ಕುಂದಲ್ಲ. ಇನ್ನೊಂದು, ಕೈಯಲ್ಲಿರುವ ಮೊಬೈಲು. 1970ರ ದಶಕದಲ್ಲಿ ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಪಂಡಿತರು ತಾಯಂದಿರನ್ನು ಕೆಲವೇ ನಿಮಿಷ ಮುಖಭಾವವಿಲ್ಲದೆ ಕೂಸಿನ ಎದುರು ಕುಳ್ಳಿರಿಸಿ ನೋಡಿದರು. ಕೂಸು ನಕ್ಕು ಕರೆಯಿತು, ಕೈಚಾಚಿತು, ಕೂಗಿತು. ಉತ್ತರ ಬಾರದಿರಲು ಮುಖ ತಿರುಗಿಸಿ ಕುಗ್ಗಿತು. ಇಂದು ಎಷ್ಟೋ ವಿದ್ಯಾವಂತರ ಮನೆಗಳಲ್ಲಿ ಮಗುವಿನ ಎದುರಿನ ಮುಖವು ಬೆಳಗುವ ಗಾಜಿನ ಕಡೆಗೆ ಬಗ್ಗಿರುತ್ತದೆ. ಬಡವಳ ಮಗುವಿಗೆ ತಾಯಿಯ ಹೊತ್ತು ಸಿಗದಿರುವುದು ವಿಧಿಯಿಲ್ಲದ್ದರಿಂದ. ಇಲ್ಲಿ ಹೊತ್ತು ಇದ್ದೂ ಸಿಗುವುದಿಲ್ಲ.

ಇದೆಲ್ಲಕ್ಕೆ ಖರ್ಚು ಎಲ್ಲಿಂದ ಎಂಬ ಆಕ್ಷೇಪಣೆ ಬರುವುದು ಸಹಜ. ನಾವು ಕೇಳುವುದು ಅರಮನೆಯನ್ನಲ್ಲ. ಮಲ್ಪೆಯ ಬಂದರಿನ ಸಮೀಪ ನಸುಕಿನಲ್ಲಿಯೇ ತೆರೆಯುವ ಒಂದು ಶಿಶುಗೃಹ. ಕಾರ್ಕಳದ ಕಾರ್ಖಾನೆಗಳಲ್ಲಿ ಕಾಯಿದೆಯ ಶಿಶುಗೃಹವು ಕಾಗದದಲ್ಲಿದೆಯೋ ಕೊಠಡಿಯಲ್ಲಿದೆಯೋ ಎಂಬ ತನಿಖೆ. ಮಣಿಪಾಲದಲ್ಲಿ ದೊಡ್ಡ ಕಟ್ಟಡಕ್ಕೆ ಪರವಾನಗಿ ಕೊಡುವಾಗಲೇ ಕೂಲಿಗಳ ಕೂಸುಗಳಿಗೆ ನೆರಳಿನ ಒಂದು ತಾವನ್ನು ಕೇಳುವ ನಿಯಮ. ಕಾಪುವಿನ ಪಂಚಾಯತುಗಳಲ್ಲಿ ಕೂಸಿನ ಮನೆಯ ಪಾಲಕಿಗೆ ಖಾಯಂ ಕೆಲಸ, ಬದುಕುವಷ್ಟು ಸಂಬಳ, ಅವಳ ಕೈಗೆ ನಾಲ್ಕೈದಕ್ಕಿಂತ ಹೆಚ್ಚಿಲ್ಲದಷ್ಟು ಕೂಸುಗಳು. ದಿಲ್ಲಿಯಲ್ಲಿ ಮೀರಾ ಮಹಾದೇವನ್ ಎಂಬ ಮಹಿಳೆಯು 1969ರಲ್ಲಿ ಕಟ್ಟಡ ಕೆಲಸದ ಸ್ಥಳದಲ್ಲಿಯೇ ಶಿಶುಗೃಹವನ್ನು ಆರಂಭಿಸಿ, ಮನಸ್ಸಿದ್ದರೆ ಇದು ಸಾಧ್ಯವೆಂದು ತೋರಿಸಿಕೊಟ್ಟರು. ಹಾಜಿ ಅಬ್ದುಲ್ಲಾ ಸಾಹೇಬರು 1906ರಲ್ಲಿ, ಪೈಯವರು 1925ರಲ್ಲಿ ಜನರಿಂದ ಜನರಿಗಾಗಿ ಬ್ಯಾಂಕುಗಳನ್ನು ಕಟ್ಟಿದ ಈ ಊರಿಗೆ ಇಷ್ಟು ಅಸಾಧ್ಯವೆ?

ಎಳೆತನದಲ್ಲಿ ಆಸರೆ ದೊರೆಯದ ಮಗುವಿನ ಬಾಳು ಅಲ್ಲಿಗೇ ಮುಗಿಯಿತೆಂದು ಯಾರೂ ತಿಳಿಯಬಾರದು. ತಡವಾಗಿ ದೊರೆತ ಮಮತೆಯೂ ಗುಣಪಡಿಸುತ್ತದೆಂಬುದನ್ನು ರುಮೇನಿಯದ ಮಕ್ಕಳೇ ತೋರಿಸಿದ್ದಾರೆ. ಒಬ್ಬ ಒಳ್ಳೆಯ ಅಧ್ಯಾಪಕ, ಒಬ್ಬಳು ಅತ್ತೆ, ನೆರೆಮನೆಯ ಒಬ್ಬ ಅಜ್ಜಿ ಇವರಿಂದ ಬದುಕು ತಿರುಗಿದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ಆದರೆ ತಡವಾದಷ್ಟೂ ಶ್ರಮ ಹೆಚ್ಚು, ಫಲ ಅನಿಶ್ಚಿತ. ಮೂರು ವರ್ಷ ತುಂಬದ ಪ್ರಜೆಯು ಅರ್ಜಿ ಬರೆಯಲಾರನು, ಮತ ಹಾಕಲಾರನು, ಕಚೇರಿಯ ಬಾಗಿಲಲ್ಲಿ ನಿಲ್ಲಲಾರನು. ಅವನಿಗೆ ತಿಳಿದಿರುವುದು ಅಳುವುದೊಂದೇ. ಆ ಅಳುವಿಗೆ ‘ಬಂದೆ’ ಎನ್ನುವ ಒಬ್ಬರು ಸದಾ ಹತ್ತಿರವಿರುವಂತೆ ಏರ್ಪಡಿಸುವುದು ನಗರಸಭೆ, ಪಂಚಾಯತು, ಧನಿಕರು, ಅಧಿಕಾರಿಗಳು ಇವರೆಲ್ಲರ ಕರ್ತವ್ಯ. ಬರುವ ಬಜೆಟ್ಟಿನ ಮುಂಚೆ ಜಿಲ್ಲಾ ಪಂಚಾಯತು ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳಲೆಂದು ನಾವು ಒತ್ತಾಯಪಡಿಸುತ್ತೇವೆ.